ಅಮೆರಿಕನ್ನರು ಯಾವುದಕ್ಕೆ ಹೆದರುತ್ತಾರೆ?

ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ನಮ್ಮ ಕನ್ನಡ ಕೂಟದ ಸಂಪಾದಕರಿಂದ ಫೋನು ಬಂದಾಗಲೆಲ್ಲ ನಾನು ಕೊಡುವುದು ಒಂದೇ ಸರಕು: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್. ಹಬ್ಬದ ದಿನ ಹೋಳಿಗೆ ಮೆಲ್ಲುತ್ತ ಕೂತವರ ಕೈಗೆ, ಹೋಳಿಗೆ ತಿಂದರೆ ಏನಾಗುತ್ತದೆ ಎಂಬ ಲೇಖನ ಇಡುವ ಪಾಪದ ಕೆಲಸ! ಈ ಸಲ ಅವರೇ ಮೊದಲು ಹೇಳಿಬಿಟ್ಟರು: "ಡಾಕ್ಟ್ರೇ, ದಯವಿಟ್ಟು ಕೊಲೆಸ್ಟರಾಲ್ ಬೇಡ. 2026ಕ್ಕೆ ಅಮೆರಿಕಕ್ಕೆ 250 ವರ್ಷ. ಇಲ್ಲಿಯ ಜನರ ಬಗ್ಗೆ ಏನಾದ್ರೂ ಬರೀರಿ. ನೀವು ದಿನಾ ನೋಡ್ತೀರಲ್ಲ."

ನೋಡುವುದೇನೋ ನಿಜ. ಅವರ ನಾಲಿಗೆ, ಕಣ್ಣು, ಕಾಲಿನ ಬಾವು ಎಲ್ಲ ನೋಡುತ್ತೇನೆ. ಆದರೆ ಕೂತು ಮಾತಾಡಿಸಿದ್ದು ಕಡಿಮೆ. ಹದಿನೈದು ನಿಮಿಷಕ್ಕೊಬ್ಬ ಪೇಷೆಂಟ್, ಅದರಲ್ಲಿ ಅರ್ಧ ಹೊತ್ತು ಕಂಪ್ಯೂಟರಿಗೆ ಮುಖ. ಹೀಗಿರುವಾಗ ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡೆ: ರಕ್ತದೊತ್ತಡ ನೋಡಿ ಪಟ್ಟಿ ಬಿಚ್ಚುವಾಗ, ಸಾಧ್ಯವಾದವರಿಗೆಲ್ಲ ಒಂದೇ ಪ್ರಶ್ನೆ ಕೇಳುವುದು. "ನಿಮ್ಮ ದೇಶದ ಮುಂದಿನ ದಿನಗಳನ್ನು ನೆನೆದರೆ ನಿಮಗೆ ಅತಿ ಹೆಚ್ಚು ಭಯವಾಗುವುದು ಯಾವುದಕ್ಕೆ?" (ಬಿಚ್ಚುವ ಮೊದಲು ಕೇಳಿದರೆ ಒತ್ತಡ ಏರಿ, ನಾನು ಇಲ್ಲದ ಮಾತ್ರೆ ಬರೆಯಬೇಕಾದೀತು.) ಇದು ಸಂಶೋಧನೆಯಲ್ಲ, ಲೆಕ್ಕ ಇಟ್ಟಿಲ್ಲ. ಯಾರ ಹೆಸರನ್ನೂ ಹೇಳುವುದಿಲ್ಲ. 1996ರ ಕಾನೂನೂ ಬಿಡುವುದಿಲ್ಲ, ವೃತ್ತಿಧರ್ಮವೂ ಬಿಡುವುದಿಲ್ಲ.

ನನ್ನ ಪರಿಚಯವಿಲ್ಲದವರಿಗೆ ಎರಡು ಮಾತು. ನಾನು ಕೋಲಾರ ಜಿಲ್ಲೆಯವನು. ಬೆಂಗಳೂರಿನಲ್ಲಿ ಎಂ.ಬಿ.ಬಿ.ಎಸ್., ಹುಬ್ಬಳ್ಳಿಯಲ್ಲಿ ಎಂ.ಡಿ. ಮುಗಿಸಿ, 1998ರಲ್ಲಿ ಜೆ-1 ವೀಸಾದ ಮೇಲೆ ಇಲ್ಲಿಗೆ ಬಂದು ಮತ್ತೆ ಮೊದಲಿನಿಂದ ರೆಸಿಡೆನ್ಸಿ ಮಾಡಿದವನು. ಜೆ-1ನವರು ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಹೋಗಿ ಇರಬೇಕು. ಇಲ್ಲವಾದರೆ ವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ದುಡಿಯಲು ಒಪ್ಪಿಕೊಳ್ಳಬೇಕು. ಇಲ್ಲಿಯ ವೈದ್ಯರು ಹೋಗಲೊಲ್ಲದ ಊರುಗಳಿಗೆ ನಮ್ಮಂಥವರು ಹೋಗುವುದು ಹೀಗೆ. 2001ರ ಜುಲೈನಲ್ಲಿ ನಾನು ಬಂದು ಸೇರಿದ್ದು ಓಹಾಯೋದ ಯಂಗ್ಸ್‌ಟೌನ್ ಪಕ್ಕದ ಒಂದು ಸಣ್ಣ ಊರಿಗೆ. ಹಲಗೆ ಬಡಿದ ಅಂಗಡಿಗಳು, ಹುಲ್ಲು ಬೆಳೆದ ಪಾರ್ಕಿಂಗ್ ಲಾಟು, ತುಕ್ಕು ಹಿಡಿದ ಗೇಟು. ನನ್ನ ಹೆಂಡತಿ ಕಾರಿನಿಂದ ಇಳಿಯದೆ ಕೇಳಿದಳು, "ಇದೇನಾ ಅಮೆರಿಕ? ಮೂರೇ ವರ್ಷ ತಾನೆ?" ಆ ಮೂರು ವರ್ಷ ಇನ್ನೂ ಮುಗಿದಿಲ್ಲ.

ಈ ಕಣಿವೆಯ ಜನಕ್ಕೆ ಒಂದು ತಾರೀಖು ಬಾಯಿಪಾಠ. 1977ರ ಸೆಪ್ಟೆಂಬರ್ 19, ಸೋಮವಾರ. ಕರಾಳ ಸೋಮವಾರ ಎನ್ನುತ್ತಾರೆ. ಯಂಗ್ಸ್‌ಟೌನ್ ಶೀಟ್ ಅಂಡ್ ಟ್ಯೂಬ್ ಕಂಪನಿ ತನ್ನ ಕ್ಯಾಂಬೆಲ್ ಉಕ್ಕಿನ ಕಾರ್ಖಾನೆಯ ಬಹುಭಾಗವನ್ನು ಮುಚ್ಚುತ್ತೇವೆಂದು ಸಾರಿದ ದಿನ. ಸುಮಾರು 5,000 ಕೆಲಸಗಳು ಹೋದವು, ಆಮೇಲಿನ ವರ್ಷಗಳಲ್ಲಿ ಉಳಿದ ಗಿರಣಿಗಳೂ ಒಂದೊಂದಾಗಿ ಆರಿದವು. 1930ರಲ್ಲಿ 1,70,000 ಜನರಿದ್ದ ಯಂಗ್ಸ್‌ಟೌನ್‌ನಲ್ಲಿ 2020ರ ಜನಗಣತಿಗೆ ಉಳಿದವರು ಸುಮಾರು 60,000. ನನಗೆ ಇದು ಹೊಸ ಕಥೆಯೇನೂ ಆಗಿರಲಿಲ್ಲ. ನಾನು ಇಲ್ಲಿಗೆ ಬರುವ ಐದು ತಿಂಗಳ ಹಿಂದೆ, 2001ರ ಫೆಬ್ರವರಿ 28ರಂದು, ನಮ್ಮ ಕೋಲಾರದ ಚಿನ್ನದ ಗಣಿ ಮುಚ್ಚಿತ್ತು. ಚಾಂಪಿಯನ್ ರೀಫ್ ಗಣಿಯಲ್ಲಿದ್ದ ನನ್ನ ಸೋದರಮಾವ ಕೆಲಸ ಹೋದ ಮೇಲೂ ಸೈರನ್ನಿನ ಹೊತ್ತಿಗೆ ಸರಿಯಾಗಿ ಎದ್ದು, ಟಿಫಿನ್ ಡಬ್ಬಿ ತೊಳೆದು ಇಡುತ್ತಿದ್ದರಂತೆ. ಇಲ್ಲಿಯ ಮುದುಕರನ್ನು ನೋಡಿದಾಗ ಮೊದಲ ದಿನವೇ ಗುರುತು ಸಿಕ್ಕಿತು.

ಸರಿ, ಪ್ರಶ್ನೆಗೆ ಬರುತ್ತೇನೆ. ಮೊದಲ ಉತ್ತರ ಸಾಮಾನ್ಯವಾಗಿ ಟಿ.ವಿ.ಯದು. ಮನೆಯಲ್ಲಿ ಯಾವ ಚಾನೆಲ್ ಓಡುತ್ತದೆಂದು ಗೊತ್ತಿದ್ದರೆ ಉತ್ತರವನ್ನು ನಾನೇ ಬರೆದುಕೊಳ್ಳಬಹುದು. ಒಬ್ಬರಿಗೆ ಚೀನಾ, ಒಬ್ಬರಿಗೆ ಮೆಕ್ಸಿಕೋದ ಗಡಿ. ಒಬ್ಬರಿಗೆ ಪ್ರಜಾಪ್ರಭುತ್ವ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ. 2021ರ ಜನವರಿ 6ರಂದು ಸಂಸತ್ ಭವನಕ್ಕೆ ಜನ ನುಗ್ಗಿದ್ದನ್ನು ನೆನೆದು ಇಂದಿಗೂ ಕೈ ನಡುಗುವವರಿದ್ದಾರೆ, ಅದೇನು ಮಹಾ ಎನ್ನುವವರೂ ಇದ್ದಾರೆ. ದೇಶದ ಸಾಲ ಎನ್ನುವವರು ಹಲವರು. ಅದು 2025ರಲ್ಲಿ 38 ಟ್ರಿಲಿಯನ್ ಡಾಲರ್ ದಾಟಿತು. ಈ ಸಂಖ್ಯೆಗೆ ಎಷ್ಟು ಸೊನ್ನೆ ಎಂದು ಎಣಿಸುವಷ್ಟು ಹೊತ್ತಿಗೆ ಇನ್ನಷ್ಟು ಏರಿರುತ್ತದೆ. ಕ್ಯಾಲಿಫೋರ್ನಿಯಾದ ಚಾಪ್ಮನ್ ವಿಶ್ವವಿದ್ಯಾಲಯದವರು 2014ರಿಂದ ಅಮೆರಿಕನ್ನರ ಭಯಗಳ ಸಮೀಕ್ಷೆ ಮಾಡುತ್ತ ಬಂದಿದ್ದಾರೆ. ಅದರಲ್ಲಿ ವರ್ಷ ವರ್ಷವೂ ಪಟ್ಟಿಯ ತುದಿಯಲ್ಲಿ ಬಂದು ಕೂರುವುದು ಯುದ್ಧವೂ ಅಲ್ಲ, ಸಾವೂ ಅಲ್ಲ, ಭ್ರಷ್ಟ ಸರ್ಕಾರಿ ಅಧಿಕಾರಿಗಳು! ಒಂದು ಪಹಣಿಗಾಗಿ ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಿದ ನಮಗೆ ನಗು ಬರಬಹುದು.

ಆದರೆ ವೈದ್ಯರಿಗೆಲ್ಲ ಗೊತ್ತಿರುವ ಒಂದು ಗುಟ್ಟಿದೆ. ಪೇಷೆಂಟ್ ಬಂದ ಕೂಡಲೇ ಹೇಳುವ ತೊಂದರೆ ನಿಜವಾದ ತೊಂದರೆ ಅಲ್ಲದಿರಬಹುದು. ಎಲ್ಲ ಮುಗಿದು, ಅಂಗಿಯ ಗುಂಡಿ ಹಾಕಿಕೊಂಡು, ಬಾಗಿಲ ಹಿಡಿಕೆಗೆ ಕೈ ಇಟ್ಟು, "ಅಂದ ಹಾಗೆ ಡಾಕ್..." ಎಂದು ತಿರುಗುತ್ತಾರಲ್ಲ, ಆಗ ಬರುವುದೇ ಅಸಲಿ ಮಾತು. ಎದೆನೋವು, ಮಲದಲ್ಲಿ ರಕ್ತ, ಮಗ ಜೈಲಿನಲ್ಲಿರುವುದು, ಎಲ್ಲ ಹೊರಬೀಳುವುದು ಬಾಗಿಲ ಬಳಿ. ನನ್ನ ಪ್ರಶ್ನೆಗೂ ಹಾಗೇ ಆಯಿತು. ಚೀನಾ, ಗಡಿ, ಸಾಲ ಎಂದವರೇ ಬಾಗಿಲ ಬಳಿ ನಿಂತು ಇನ್ನೊಂದು ಉತ್ತರ ಕೊಟ್ಟರು.

ಎಂಬತ್ತು ದಾಟಿದ ಒಬ್ಬ ಅಜ್ಜ, ಉಕ್ಕಿನ ಕುಲುಮೆಯಲ್ಲಿ ದುಡಿದವರು. ಹೆಂಡತಿಗೆ ಮರೆವಿನ ಕಾಯಿಲೆ. ಅವರ ಭಯ ನರ್ಸಿಂಗ್ ಹೋಮ್. ನಮ್ಮಲ್ಲಿ ಅನೇಕರಿಗೆ ಇದು ಸರಿಯಾಗಿ ತಿಳಿದಿಲ್ಲ, ಆದ್ದರಿಂದ ಹೇಳುತ್ತೇನೆ: ಮೆಡಿಕೇರ್ ಆಸ್ಪತ್ರೆಯ ಖರ್ಚು ಕೊಡುತ್ತದೆ, ಆದರೆ ವರ್ಷಗಟ್ಟಲೆ ನರ್ಸಿಂಗ್ ಹೋಮಿನಲ್ಲಿ ಸ್ನಾನ ಮಾಡಿಸಿ ಊಟ ಮಾಡಿಸುವ ಖರ್ಚನ್ನು ಕೊಡುವುದಿಲ್ಲ. ಅದು ಈಗ ವರ್ಷಕ್ಕೆ 1 ಲಕ್ಷ ಡಾಲರ್ ದಾಟುತ್ತದೆ. ಕೈಲಿದ್ದದ್ದನ್ನೆಲ್ಲ ಖರ್ಚು ಮಾಡಿ ಬರಿಗೈಯಾದ ಮೇಲೆ ಮೆಡಿಕೇಡ್ ಕೈ ಹಿಡಿಯುತ್ತದೆ. "ಮೂವತ್ತೆಂಟು ವರ್ಷ ದುಡಿದು ಒಂದು ಮನೆ ಮಾಡಿದೆ. ಮಗನಿಗೆ ಅಂತ ಇರೋದು ಅದೊಂದೇ. ಅದೂ ಹೋದರೆ ಅವನು ಸೊನ್ನೆಯಿಂದ ಶುರು ಮಾಡಬೇಕು. ನಾನು ಶುರು ಮಾಡಿದ್ದೂ ಸೊನ್ನೆಯಿಂದಲೇ, ಆದರೆ ಆಗ ಕಾರ್ಖಾನೆ ಇತ್ತು" ಎಂದರು. ಸೋಷಿಯಲ್ ಸೆಕ್ಯುರಿಟಿಯ ವೃದ್ಧಾಪ್ಯ ನಿಧಿಯ ಉಳಿಕೆ 2033ರ ಸುಮಾರಿಗೆ ಮುಗಿಯುತ್ತದೆ, ಆಮೇಲೆ ನೂರಕ್ಕೆ 77ರಷ್ಟು ಮಾತ್ರ ಕೊಡಲು ಸಾಧ್ಯ ಎಂದು ಅದರ ಟ್ರಸ್ಟಿಗಳೇ 2025ರಲ್ಲಿ ವರದಿ ಕೊಟ್ಟಿದ್ದಾರೆ. ಅಜ್ಜನಿಗೆ ಅದು ಬಾಯಿಪಾಠ. ಚಿಂತೆ ತಮಗಾಗಿ ಅಲ್ಲ, ಅರವತ್ತರ ಹತ್ತಿರ ಬಂದ ಮಗನಿಗಾಗಿ.

ಕಿಂಡರ್‌ಗಾರ್ಟನ್ ಟೀಚರ್ ಒಬ್ಬರು ಹೇಳಿದ್ದು ಬೇರೆ. ಬಂದೂಕಿನವನು ಶಾಲೆಗೆ ನುಗ್ಗಿದರೆ ಏನು ಮಾಡಬೇಕೆಂದು ಐದು ವರ್ಷದ ಮಕ್ಕಳಿಗೆ ಅಭ್ಯಾಸ ಮಾಡಿಸಬೇಕಲ್ಲ. ದೀಪ ಆರಿಸಿ ಮೂಲೆಯಲ್ಲಿ ಕೂರಿಸಿದಾಗ ಮಕ್ಕಳು ಮಾತಾಡದಿರಲೆಂದು ಬಾಯಿಗೊಂದು ಲಾಲಿಪಾಪ್ ಇಡುತ್ತಾರಂತೆ, ಮೇಜಿನ ಖಾನೆಯಲ್ಲಿ ಅದರ ಪೊಟ್ಟಣ ಸದಾ ಇರುತ್ತದಂತೆ. 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಸತ್ತ ದಿನ ನನ್ನ ಮಗಳು ಐದನೇ ತರಗತಿಯಲ್ಲಿದ್ದಳು. ಅವತ್ತು ನಾನೂ ಎಲ್ಲ ಅಪ್ಪಂದಿರ ಹಾಗೆ ಕ್ಲಿನಿಕ್ ಬಿಟ್ಟು ಹೋಗಿ ಶಾಲೆಯ ಮುಂದೆ ಕಾರಿನಲ್ಲಿ ಸುಮ್ಮನೆ ಕೂತಿದ್ದೆ. 2020ರಿಂದ ಈಚೆಗೆ ಈ ದೇಶದಲ್ಲಿ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಮೊದಲ ಕಾರಣ ಬಂದೂಕು. ಕಾರು ಅಪಘಾತವನ್ನೂ ಅದು ಹಿಂದೆ ಹಾಕಿತು.

ಮೂರನೆಯದನ್ನು ಬರೆಯಲು ನನಗೆ ನಾಚಿಕೆ, ಆದರೂ ಬರೆಯುತ್ತೇನೆ. ಅರವತ್ತೈದರ ಒಬ್ಬ ಅಜ್ಜಿ ಇಬ್ಬರು ಮೊಮ್ಮಕ್ಕಳನ್ನು ಸಾಕುತ್ತಿದ್ದಾರೆ, ಮಗಳು ಡ್ರಗ್ಸ್‌ನಿಂದ ತೀರಿಕೊಂಡಳು. ಅವಳಿಗೆ ಅದು ಶುರುವಾದದ್ದು ಬೆನ್ನುನೋವಿನ ಮಾತ್ರೆಯಿಂದ. ನಾನು ರೆಸಿಡೆನ್ಸಿ ಮಾಡುತ್ತಿದ್ದ ಕಾಲದಲ್ಲಿ ನೋವು ಐದನೆಯ ಜೀವಸೂಚಕ ಎಂದು ಪಾಠ ಹೇಳಿದರು: ನಾಡಿ, ಉಸಿರು, ಜ್ವರ, ರಕ್ತದೊತ್ತಡದ ಜೊತೆಗೆ ನೋವನ್ನೂ ಸೊನ್ನೆಯಿಂದ ಹತ್ತರವರೆಗೆ ಅಳೆಯಿರಿ, ಹೆಚ್ಚಿದ್ದರೆ ಮಾತ್ರೆ ಕೊಡಿ. ನೋವಿಗೆ ಕೊಟ್ಟರೆ ಚಟ ಹತ್ತುವುದು ಅಪರೂಪ ಎಂದೂ ಹೇಳಿದರು. ಹುಬ್ಬಳ್ಳಿಯಲ್ಲಿ ಕ್ಯಾನ್ಸರಿನವರಿಗೂ ಮಾರ್ಫಿನ್ ಸಿಗದೆ ಒದ್ದಾಡಿದ್ದನ್ನು ಕಂಡ ನನಗೆ ಇದು ನಾಗರಿಕತೆಯ ಲಕ್ಷಣ ಎನಿಸಿತ್ತು. ಬರೆದೆ. ಬೆನ್ನುನೋವಿಗೆ, ಮಂಡಿನೋವಿಗೆ ಆಕ್ಸಿಕೋಡೋನ್ ಬರೆದೆ. ಆ ಅಜ್ಜಿಯ ಮಗಳು ನನ್ನ ಪೇಷೆಂಟ್ ಅಲ್ಲ. ಬೇರೆ ಯಾರದೋ ಮಗಳು ಆಗಿರಬಹುದು. ಮಾತ್ರೆ ಬಿಗಿಯಾದ ಮೇಲೆ ಹೆರಾಯಿನ್ ಬಂತು, ಆಮೇಲೆ ಫೆಂಟನಿಲ್. 2021ರಿಂದ 2023ರವರೆಗೆ ಪ್ರತಿ ವರ್ಷ ದೇಶದಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಡ್ರಗ್ಸ್‌ನಿಂದ ಸತ್ತರು. 2024ರಲ್ಲಿ ಅದು ಸುಮಾರು 80,000ಕ್ಕೆ ಇಳಿದದ್ದು ಸಮಾಧಾನ, ಅದನ್ನೂ ಸಮಾಧಾನ ಎನ್ನಬೇಕಾದ ಕಾಲ.

ಆ್ಯನ್ ಕೇಸ್ ಮತ್ತು ಆಂಗಸ್ ಡೀಟನ್ ಎಂಬ ಅರ್ಥಶಾಸ್ತ್ರಜ್ಞ ದಂಪತಿ 2015ರಲ್ಲಿ ಒಂದು ಪ್ರಬಂಧ ಬರೆದರು. ನಡುವಯಸ್ಸಿನ ಬಿಳಿಯರಲ್ಲಿ, ಅದರಲ್ಲೂ ಕಾಲೇಜು ಓದದವರಲ್ಲಿ, ಡ್ರಗ್ಸ್, ಕುಡಿತ, ಆತ್ಮಹತ್ಯೆಯಿಂದ ಸಾವು ಏರುತ್ತಿದೆ ಎಂದು ಅಂಕಿ ಅಂಶ ಸಮೇತ ತೋರಿಸಿದರು. ಅವನ್ನು ಹತಾಶೆಯ ಸಾವುಗಳು ಎಂದು ಕರೆದರು. ವೈದ್ಯರಾದ ನಾವು ಒಬ್ಬೊಬ್ಬರನ್ನೇ ನೋಡುತ್ತ ಕೂತಿದ್ದೆವು, ಎಲ್ಲರನ್ನೂ ಒಟ್ಟು ಸೇರಿಸಿ ನೋಡಿದವರು ಅರ್ಥಶಾಸ್ತ್ರದವರು! ಅಮೆರಿಕನ್ನರ ಸರಾಸರಿ ಆಯಸ್ಸು 2014ರಲ್ಲಿ 78.9 ವರ್ಷ ಇದ್ದದ್ದು ಕೋವಿಡ್‌ಗೆ ಮೊದಲೇ ಇಳಿಯಲು ಶುರುವಾಯಿತು, 2021ರಲ್ಲಿ 76.4ಕ್ಕೆ ಬಿತ್ತು. 2023ಕ್ಕೆ 78.4. ಅಂದರೆ ಒಂಬತ್ತು ವರ್ಷ ಕಳೆದರೂ ಹೊರಟ ಜಾಗಕ್ಕೆ ಇನ್ನೂ ತಲುಪಿರಲಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ಇವರ ಭಯ ನನಗೆ ಪೂರ್ತಿ ಅರ್ಥವಾಗಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಕೂಟದಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಾಗ ನಾವು ಆಡುವ ಮಾತು ನಿಮಗೂ ಗೊತ್ತು: "ಇವರಿಗೇನ್ರೀ ಕಷ್ಟ? ಓದೋದಿಲ್ಲ, ಉಳಿಸೋದಿಲ್ಲ, ಸಾಲ ಮಾಡಿ ಬೋಟ್ ತಗೋತಾರೆ." ನಾನೂ ಆಡಿದ್ದೇನೆ. ಹೀಗೆ ಆಡಿದ್ದೇಕೆ ಎಂದು ತಿಳಿದದ್ದು ನನ್ನದೇ ವಯಸ್ಸಿನ ಒಬ್ಬ ಪೇಷೆಂಟ್‌ನಿಂದ.

ಲಾರ್ಡ್ಸ್‌ಟೌನ್‌ನಲ್ಲಿ 1966ರಿಂದ ಇದ್ದ ದೊಡ್ಡ ಕಾರು ಕಾರ್ಖಾನೆ 2019ರ ಮಾರ್ಚ್‌ನಲ್ಲಿ ನಿಂತಿತು. ಅದಕ್ಕೆ ಬಿಡಿಭಾಗ ಮಾಡಿಕೊಡುತ್ತಿದ್ದ ಸಣ್ಣ ಕಂಪನಿಗಳೂ ಜೊತೆಗೆ ಮಲಗಿದವು. ಅಂಥದ್ದೊಂದರಲ್ಲಿ ಈತ ಸೀಟು ಜೋಡಿಸುತ್ತಿದ್ದ. ಕೆಲಸದ ಜೊತೆಗೆ ಒಳ್ಳೆಯ ಇನ್ಶೂರೆನ್ಸೂ ಹೋಯಿತು, ಕೊಂಡದ್ದು ಅಗ್ಗದ್ದು. ಅಂದರೆ ವರ್ಷದ ಮೊದಲ ಸಾವಿರಾರು ಡಾಲರ್ ಕೈಯಿಂದಲೇ ಕಟ್ಟಬೇಕು. ಆ ವರ್ಷ ಬಂದಾಗ ರಕ್ತದೊತ್ತಡ 170 ಇತ್ತು. ಮಾತ್ರೆ ತಪ್ಪಿಸುತ್ತಿದ್ದೀಯಾ ಎಂದು ಗದರಿದೆ. ಆತ ತಲೆ ತಗ್ಗಿಸಿದ. ಒಂದು ಮಾತ್ರೆಯನ್ನು ಎರಡು ತುಂಡು ಮಾಡಿ ಎರಡು ದಿನ ನುಂಗುತ್ತಿದ್ದಾನೆಂದು ನಾನು ಕೇಳಿ ತಿಳಿದುಕೊಳ್ಳಲಿಲ್ಲ. ಹದಿನೈದು ನಿಮಿಷ ಆಗಿತ್ತು. ಅವತ್ತು ಬಾಗಿಲ ಬಳಿ ಒಂದು ಕ್ಷಣ ನಿಂತ ಎಂದು ಈಗ ನೆನಪಾಗುತ್ತದೆ. ನಾನು ಕಂಪ್ಯೂಟರ್ ನೋಡುತ್ತಿದ್ದೆ.

2019ರ ಡಿಸೆಂಬರ್ ಕೊನೆಗೆ ಎದೆನೋವು ಕಾಣಿಸಿಕೊಂಡು ಹೋಯಿತು. 2020ರ ಜನವರಿ ಮೊದಲ ವಾರ ಮತ್ತೆ ಬಂತು. ಜನವರಿ ಒಂದಕ್ಕೆ ಇನ್ಶೂರೆನ್ಸಿನ ಲೆಕ್ಕ ಹೊಸದಾಗಿ ಶುರು, ಹಿಂದಿನ ವರ್ಷ ಕಟ್ಟಿದ್ದು ಲೆಕ್ಕಕ್ಕಿಲ್ಲ. ಎರಡು ದಿನ ಅಡುಗೆ ಸೋಡಾ ನೀರು ಕುಡಿದು ಕಾದಿದ್ದಾನೆ. ಮೂರನೆಯ ದಿನ ಬೆಳಗ್ಗೆ, ಆಂಬ್ಯುಲೆನ್ಸಿನ ಬಿಲ್ಲಿಗೆ ಹೆದರಿ, ಮಂಜು ಬಿದ್ದ ರಸ್ತೆಯಲ್ಲಿ ತಾನೇ ಟ್ರಕ್ ಓಡಿಸಿಕೊಂಡು ಎಮರ್ಜೆನ್ಸಿಗೆ ಬಂದ. ಅಷ್ಟು ಹೊತ್ತಿಗೆ ಹೃದಯದ ಮುಂಭಾಗದ ಸ್ನಾಯು ಬಹಳಷ್ಟು ಸತ್ತಿತ್ತು. ನಮ್ಮ ಹುಬ್ಬಳ್ಳಿಯಲ್ಲಿ ಹಣವಿಲ್ಲದೆ ತಡವಾಗಿ ಬಂದವರನ್ನು ನೂರಾರು ನೋಡಿದ್ದೆ. ಕ್ಯಾಥ್ ಲ್ಯಾಬ್ ಇಪ್ಪತ್ತು ನಿಮಿಷದ ದೂರದಲ್ಲಿರುವ ಅಮೆರಿಕದಲ್ಲಿ ನೋಡುತ್ತೇನೆಂದುಕೊಂಡಿರಲಿಲ್ಲ. ಬದುಕಿದ. ಈಗ ಮೆಟ್ಟಿಲು ಹತ್ತಿದರೆ ಏದುಸಿರು, ಮೂರು ತಿಂಗಳಿಗೊಮ್ಮೆ ಬರುತ್ತಾನೆ. ಆತನಿಗೆ ನಾನು ಮಾತ್ರೆಯ ಲೆಕ್ಕ ಕೇಳಿಯೇ ಒತ್ತಡ ನೋಡುವುದು.

ಹೋದ ಚಳಿಗಾಲದಲ್ಲಿ ಆತನಿಗೂ ಈ ಪ್ರಶ್ನೆ ಹಾಕಿದೆ. ಆತ ಸ್ವಲ್ಪ ಯೋಚಿಸಿ ಹೇಳಿದ: "ನಮ್ಮ ಅಪ್ಪ ಉಕ್ಕು ಮಾಡಿದ. ಹೈಸ್ಕೂಲು ಮುಗಿಸಿರಲಿಲ್ಲ, ಆದರೂ ಮನೆ, ಕಾರು, ಪೆನ್ಷನ್ ಇತ್ತು. ನಾನು ಹೈಸ್ಕೂಲು ಮುಗಿಸಿದೆ, ಸೀಟು ಮಾಡಿದೆ, ಮನೆ ಇದೆ, ಪೆನ್ಷನ್ ಇಲ್ಲ. ನನ್ನ ಮಗ ಎರಡು ವರ್ಷ ಕಾಲೇಜಿಗೂ ಹೋದ. ರಾತ್ರಿ ಪಾಳಿಯಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾನೆ, ಬಾಡಿಗೆ ಮನೆ, ಕಾಲೇಜಿನ ಸಾಲ. ಅವನ ಮಗಳಿಗೆ ನಾಲ್ಕು ವರ್ಷ. ಆ ಮಗುವಿಗೆ ಏನಿರುತ್ತೆ ಅಂತ ಲೆಕ್ಕ ಹಾಕೋದಕ್ಕೆ ನನಗೆ ಭಯ."

ನಾನು ಮನಸ್ಸಿನಲ್ಲೇ ನನ್ನ ಲೆಕ್ಕ ಹಾಕಿದೆ. ನನ್ನ ಅಜ್ಜ ಹೆಬ್ಬೆಟ್ಟು. ಅಪ್ಪ ಹಳ್ಳಿ ಶಾಲೆಯ ಮೇಷ್ಟ್ರು, ಸಂಬಳ ತಿಂಗಳ ಕೊನೆಗೆ ಸಾಲುತ್ತಿರಲಿಲ್ಲ. ನಾನು ಡಾಕ್ಟರು. ಈ ಸಂಚಿಕೆ ಓದುತ್ತಿರುವ ಹೆಚ್ಚಿನವರ ಮನೆಯ ಲೆಕ್ಕವೂ ಇದೇ ತಾನೆ? ನಮಗೆ ಬದುಕು ಅಂದರೆ ಏಣಿ ಹತ್ತುವುದು ಎಂದು ರೂಢಿಯಾಗಿಬಿಟ್ಟಿದೆ. ಅದೇ ಏಣಿಯಿಂದ ಒಂದೊಂದೇ ಮೆಟ್ಟಿಲು ಇಳಿಯುವವರು ಹೇಗಿರುತ್ತಾರೆಂದು ಗೊತ್ತಿಲ್ಲ. ದೆಹಲಿಯಲ್ಲಿ ಹುಟ್ಟಿದ ರಾಜ್ ಚೆಟ್ಟಿ ಮತ್ತು ಸಂಗಡಿಗರು ಇದನ್ನು ಅಂಕಿಗಳಲ್ಲಿ ಹಿಡಿದಿದ್ದಾರೆ. 1940ರಲ್ಲಿ ಹುಟ್ಟಿದ ಅಮೆರಿಕನ್ನರಲ್ಲಿ ನೂರಕ್ಕೆ ಸುಮಾರು 90 ಜನ ತಮ್ಮ ತಂದೆ ತಾಯಿಗಿಂತ ಹೆಚ್ಚು ಸಂಪಾದಿಸಿದರು. 1980ರಲ್ಲಿ ಹುಟ್ಟಿದವರಲ್ಲಿ ಸುಮಾರು 50. ಮಕ್ಕಳು ನಮಗಿಂತ ಕಷ್ಟದಲ್ಲಿರುತ್ತಾರೆ ಎಂದು 2022ರ ಪ್ಯೂ ಸಮೀಕ್ಷೆಯಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಅಮೆರಿಕನ್ನರು ಹೇಳಿದರು. ಚೀನಾ ಎಂದವರೂ, ಗಡಿ ಎಂದವರೂ, ಬಂದೂಕು ಎಂದವರೂ ಬಾಗಿಲ ಬಳಿ ನನಗೆ ಹೇಳಿದ್ದು ಸುತ್ತಿ ಬಳಸಿ ಇದನ್ನೇ. ನನ್ನ ವೈಟಿಂಗ್ ರೂಮಿನಲ್ಲಿ ನಾರ್ಮನ್ ರಾಕ್‌ವೆಲ್ 1943ರಲ್ಲಿ ಬರೆದ ಒಂದು ಚಿತ್ರದ ಪ್ರತಿ ಇದೆ, ಪೇಷೆಂಟ್ ಒಬ್ಬರು ಕೊಟ್ಟದ್ದು. ರೂಸ್‌ವೆಲ್ಟ್ 1941ರಲ್ಲಿ ಹೇಳಿದ ನಾಲ್ಕು ಸ್ವಾತಂತ್ರ್ಯಗಳಲ್ಲಿ ಭಯದಿಂದ ಬಿಡುಗಡೆ ಎಂಬುದಕ್ಕೆ ಆತ ಬರೆದದ್ದು. ಮಕ್ಕಳಿಬ್ಬರು ನಿದ್ದೆಯಲ್ಲಿದ್ದಾರೆ, ತಾಯಿ ಹೊದಿಕೆ ಸರಿ ಮಾಡುತ್ತಿದ್ದಾಳೆ, ತಂದೆ ಬಾಂಬ್ ದಾಳಿಯ ಸುದ್ದಿ ಇರುವ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಮಕ್ಕಳನ್ನೇ ನೋಡುತ್ತ ನಿಂತಿದ್ದಾನೆ. ಇಪ್ಪತ್ತು ವರ್ಷದಿಂದ ಅದು ಗೋಡೆಯ ಮೇಲಿದೆ. ಆ ತಂದೆಯ ಮುಖವನ್ನು ನಾನು ಈಚೆಗಷ್ಟೇ ಸರಿಯಾಗಿ ನೋಡಿದೆ.

ಬಾಗಿಲ ಹತ್ತಿರ ಹೋಗಿ ಆತ ತಿರುಗಿದ. "ನಿಮ್ಮ ಭಯ ಏನು ಡಾಕ್?"

ಇಷ್ಟು ದಿನ ಎಲ್ಲರನ್ನೂ ಕೇಳಿದವನಿಗೆ ಉತ್ತರ ತಯಾರಿರಲಿಲ್ಲ. ಸ್ಟಾಕ್ ಮಾರ್ಕೆಟ್ಟು, ನಮ್ಮ ಹುಡುಗರ ಎಚ್-1ಬಿ, 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಹಾಕಿದ್ದು, ಹೀಗೆ ಏನೋ ತಡವರಿಸಿದೆ. ಆತ ನಕ್ಕ, ಕೊಂಕಿರಲಿಲ್ಲ. "ನಿಮಗೆ ಇನ್ನೊಂದು ದೇಶ ಇದೆ ಡಾಕ್. ಕೆಟ್ಟರೆ ಹೋಗಬಹುದು. ನಮಗೆ ಇರೋದು ಇದೊಂದೇ."

ಇನ್ನೊಂದು ದೇಶ ಇರುವುದು ಸುಳ್ಳಲ್ಲ. ಬೀರುವಿನಲ್ಲಿ ಒ.ಸಿ.ಐ. ಕಾರ್ಡಿದೆ. ಬೆಂಗಳೂರಿನ ಹೊರವಲಯದಲ್ಲಿ 2006ರಲ್ಲಿ ಕೊಂಡ ಮೂವತ್ತು ನಲವತ್ತರ ಒಂದು ಸೈಟಿದೆ, ವರ್ಷಕ್ಕೊಮ್ಮೆ ಹೋಗಿ ಕಾಂಪೌಂಡಿನ ಕಳೆ ಕೀಳಿಸಿ ಬರುತ್ತೇವೆ. ರಿಟೈರ್ ಆದ ಮೇಲೆ ಅಲ್ಲಿ ಮನೆ, ಬೆಳಗ್ಗೆ ವಾಕಿಂಗ್, ಫಿಲ್ಟರ್ ಕಾಫಿ. ನನ್ನ ಹೆಂಡತಿ ಅಡುಗೆಮನೆಯ ನಕ್ಷೆಯನ್ನೂ ಬರೆದಿಟ್ಟಿದ್ದಾಳೆ. ಆದರೆ ಮಗಳು ಹುಟ್ಟಿದ್ದು ಇದೇ ಯಂಗ್ಸ್‌ಟೌನ್‌ನ ಆಸ್ಪತ್ರೆಯಲ್ಲಿ. ಈಗ ಕೊಲಂಬಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಆ ಸೈಟಿಗೆ ಹೋದರೆ ಸೊಳ್ಳೆ ಎನ್ನುತ್ತಾಳೆ.

ಆ ವಾರ ಅವಳು ಮನೆಗೆ ಬಂದಾಗ ಊಟದ ಹೊತ್ತಿನಲ್ಲಿ ಅವಳಿಗೂ ಕೇಳಿದೆ. ಹವಾಮಾನ ಬದಲಾವಣೆ, ಚುನಾವಣೆ ಎಂದೆಲ್ಲ ಹೇಳುತ್ತಾಳೆಂದುಕೊಂಡಿದ್ದೆ. ಸಾರು ಕಲಸುತ್ತಿದ್ದವಳು ಕೈ ನಿಲ್ಲಿಸಿ, ತನ್ನ ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ ಹೇಳಿದಳು, "ಹೋಗೋಕ್ಕಾಗೋರೆಲ್ಲ ಹೊರಟುಹೋಗ್ತಾರೆ ಅಂತ ಭಯ ಅಪ್ಪ. ಈ ಊರಿಂದ ಹೋದ ಹಾಗೆ. ನೀವೂ ಹೋಗ್ತೀರಲ್ಲ." ನನ್ನ ಹೆಂಡತಿ ಎದ್ದು ಮಜ್ಜಿಗೆ ತರಲು ಹೋದಳು. ಮಜ್ಜಿಗೆ ಟೇಬಲ್ ಮೇಲೇ ಇತ್ತು.

ಮೂರು ತಿಂಗಳಾದ ಮೇಲೆ ಆ ಸೀಟಿನ ಕೆಲಸದವನು ಮತ್ತೆ ಬಂದ. ಒತ್ತಡ 128, ಕಾಲಿನಲ್ಲಿ ನೀರಿಲ್ಲ, ಮಾತ್ರೆ ಲೆಕ್ಕ ಸರಿ. ಮಗಳು ಹೇಳಿದ್ದನ್ನು ಅವನಿಗೆ ಹೇಳಿದೆ. ಅವನು ಏನೂ ಅನ್ನಲಿಲ್ಲ, ಗುಂಡಿ ಹಾಕಿಕೊಂಡ, ಟೋಪಿ ಇಟ್ಟುಕೊಂಡ. ಹಿಡಿಕೆಗೆ ಕೈ ಇಟ್ಟು ತಿರುಗಿದ.

"ಮುಂದಿನ ಸಲವೂ ನೀವೇ ಇರ್ತೀರಲ್ಲ ಡಾಕ್?"

ಇರುತ್ತೇನೆ ಎಂದೆ.